ಪ್ರಶ್ನೆ ಕೇಳಿದ ಮೇಲಿನ ಮೂರು ಸೆಕೆಂಡು

ಪ್ರಶ್ನೆ: ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಗಣಿತ ಕಲಿಸುತ್ತೇನೆ. ವಿದ್ಯಾರ್ಥಿ ಕೇಂದ್ರಿತ ಬೋಧನೆಯ ತರಬೇತಿ ಮುಗಿಸಿ ಬಂದ ಉತ್ಸಾಹದಲ್ಲಿ 28 ಮಕ್ಕಳನ್ನು ಏಳೇಳರ ಗುಂಪುಗಳಾಗಿ ಕೂರಿಸಿದೆ. ಗುಂಪಿಗೊಬ್ಬರು ಲೆಕ್ಕ ಮಾಡುತ್ತಾರೆ, ಉಳಿದವರು ಹರಟುತ್ತಾರೆ. ಗದ್ದಲವೆಂದು ಮುಖ್ಯೋಪಾಧ್ಯಾಯರ ಆಕ್ಷೇಪ. ಪಾಠಗಳೂ ಹಿಂದೆ ಬಿದ್ದಿವೆ. ಹಳೆಯ ಕ್ರಮಕ್ಕೇ ಮರಳಲೇ?
— ಒಬ್ಬ ಶಿಕ್ಷಕಿ, ಸಯನ್

ಉತ್ತರ: ಮರಳಬೇಡಿ, ಆದರೆ ಆ ಗುಂಪುಗಳನ್ನು ಮಾತ್ರ ನಾಳೆಯೇ ಒಡೆಯಿರಿ. ಬೆಂಚು ತಿರುಗಿಸಿದ ಮಾತ್ರಕ್ಕೆ ತರಗತಿ ಮಕ್ಕಳದಾಗುವುದಿಲ್ಲ. ಯೋಚಿಸುವ ಕೆಲಸ ಯಾರ ಪಾಲಿಗೆ ಬಂತು ಎಂಬುದರ ಮೇಲೆ ಅದು ನಿಂತಿದೆ. ಏಳು ಜನರ ನಡುವೆ ಅಡಗಿ ಕೂರುವುದು ಸುಲಭ, ಇಬ್ಬರ ನಡುವೆ ಕಷ್ಟ.

ಭಿನ್ನರಾಶಿಯನ್ನೇ ತೆಗೆದುಕೊಳ್ಳಿ. 1/3 ದೊಡ್ಡದೋ 1/4 ದೊಡ್ಡದೋ ಎಂದು ಕೇಳಿದರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂಬ ನ್ಯಾಯದಿಂದ ಹಲವರು 1/4 ಎನ್ನುತ್ತಾರೆ. ಆಗ ‘ತಪ್ಪು’ ಎಂದು ಮುಂದೆ ಹೋಗದೆ, ಒಂದು ವಡಾಪಾವನ್ನು ಮೂವರು ಹಂಚಿಕೊಂಡರೆ ಮತ್ತು ನಾಲ್ವರು ಹಂಚಿಕೊಂಡರೆ ಯಾರ ಕೈಗೆ ದೊಡ್ಡ ತುಂಡು ಬರುತ್ತದೆಂದು ಕೇಳಿ. ಮೊದಲು ಪ್ರತಿಯೊಬ್ಬರೂ ತಮ್ಮ ವಹಿಯಲ್ಲಿ ಚಿತ್ರ ಬರೆಯಲಿ, ಅನಂತರ ಪಕ್ಕದವರಿಗೆ ತೋರಿಸಿ ಕಾರಣ ಹೇಳಲಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ ಅಥವಾ ಹಿಂದಿ ಆಡುವ ಮಕ್ಕಳು ಆ ಎರಡು ನಿಮಿಷ ಯಾವ ಭಾಷೆಯಲ್ಲಿ ವಾದಿಸಿದರೂ ತಡೆಯಬೇಡಿ. ತರಗತಿಗೆ ಹೇಳುವಾಗ ಕನ್ನಡದಲ್ಲಿ ಹೇಳಿದರಾಯಿತು. (ಕನ್ನಡ ಶಾಲೆಯ ಅಭಿಮಾನಿಗಳು ಇದಕ್ಕೆ ನನ್ನ ಮೇಲೆ ಮುನಿಸಿಕೊಂಡಾರು.)

ಇನ್ನೊಂದು ಮಾತು ನೇರವಾಗಿ ನಿಮ್ಮ ಕುರಿತದ್ದು. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಿದ್ದರೆಂದು ತಿಳಿಯಿತು. ಅದನ್ನು 3 ಸೆಕೆಂಡಿಗೆ ಏರಿಸಿದಲ್ಲಿ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಕೇಳಲು ಅಲ್ಪವೆನಿಸುವ ಈ ಮೌನ, ಎದುರಿಗೆ ನಿಂತವರಿಗೆ ಯುಗದಂತೆ ತೋರುತ್ತದೆ. ಮನಸ್ಸಿನಲ್ಲೇ ಎಣಿಸಿ.

ಮುಖ್ಯೋಪಾಧ್ಯಾಯರಿಗೆ ಕಾನೂನು ತೋರಿಸುವ ಆಸೆಯಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಕೆಯಾಗಬೇಕೆನ್ನುತ್ತದೆ. ಆದರೆ ಪಠ್ಯಕ್ರಮವನ್ನು ಅವಧಿಯೊಳಗೆ ಪೂರೈಸುವುದು ಶಿಕ್ಷಕರ ಕರ್ತವ್ಯವೆಂದು 24ನೆಯ ಕಲಮು ಹೇಳುವುದರಿಂದ ಅವರ ಕೈಯಲ್ಲೂ ಅಸ್ತ್ರವಿದೆ. ಜಗಳಕ್ಕಿಂತ ಅವರನ್ನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿ, ಎರಡು ಜೋಡಿಗಳ ಮಾತಿಗೆ ಕಿವಿಗೊಡಲು ಕೋರುವುದು ಲೇಸು.

ಪಾಠ ಹಿಂದೆ ಬೀಳದಿರಲು ಎಲ್ಲವನ್ನೂ ಹೀಗೆ ಮಾಡಬೇಕಿಲ್ಲ. ಛೇದ ಸಮಗೊಳಿಸಿ ಕೂಡುವ ಕ್ರಮವನ್ನು ನೀವೇ ಹಲಗೆಯ ಮೇಲೆ ತೋರಿಸಿ, ಹತ್ತು ನಿಮಿಷ ಸಾಕು. ಛೇದವನ್ನು ಏಕೆ ಸಮಗೊಳಿಸಬೇಕೆಂಬ ಪ್ರಶ್ನೆಯನ್ನು ಮಾತ್ರ ಜೋಡಿಗಳಿಗೆ ಬಿಡಿ.