ಉಸಿರಾಟದಿಂದ ಶ್ವಾಸಕೋಶದ ಗಡ್ಡೆ ಚಲಿಸುವುದನ್ನು ಸೈನ್ ಅಲೆಯೊಂದರಿಂದ ವಿವರಿಸಿದರೆ ಸಾಲದೇ?

ಎಂ.ಎಸ್ಸಿ. ಗಣಿತದ ಯೋಜನೆಗಾಗಿ ನೀವು ಗಡ್ಡೆಯ ಏರಿಳಿತವನ್ನು ಒಂದು ಸೈನ್ ಅಲೆ ಎಂದು ಹಿಡಿದಿದ್ದೀರಿ, ಮಾರ್ಗದರ್ಶಕರು ‘ಇಷ್ಟು ಸಾಲದು’ ಎಂದು ವಾಪಸು ಕಳಿಸಿದ್ದಾರೆ. ವಿಕಿರಣ ಚಿಕಿತ್ಸೆಯ ಭೌತಶಾಸ್ತ್ರ ನನ್ನ ವೃತ್ತಿ. ಈ ವಿಷಯದಲ್ಲಿ ನಾನು ನಿಮ್ಮ ಮಾರ್ಗದರ್ಶಕರ ಪಕ್ಷ.

ಮೊದಲ ತಕರಾರು ಸಮಯದ್ದು. ನಿಮ್ಮ ಉಸಿರನ್ನೇ ಗಮನಿಸಿ: ಎಳೆದುಕೊಂಡ ತುದಿಯಲ್ಲಿ ನೀವು ನಿಲ್ಲುವುದಿಲ್ಲ, ಬಿಟ್ಟ ಮೇಲೆ ತುಸು ಹೊತ್ತು ಸುಮ್ಮನಿರುತ್ತೀರಿ. ಸೈನ್ ಅಲೆ ಎರಡೂ ತುದಿಗಳಿಗೆ ಸಮಪಾಲು ಹಂಚಿಬಿಡುತ್ತದೆ. 1999ರಲ್ಲಿ ಲೂಜನ್ ಮತ್ತು ಸಂಗಡಿಗರು ಸೂಚಿಸಿದ ಉಪಾಯ ಸರಳ: ಕೊಸೈನ್ ಅನ್ನು ಸಮಸಂಖ್ಯೆಯ ಘಾತಕ್ಕೆ ಏರಿಸಿ, ಚಲನೆಯ ವ್ಯಾಪ್ತಿಯಿಂದ ಗುಣಿಸಿ, ಉಸಿರು ಪೂರ್ತಿ ಬಿಟ್ಟಾಗಿನ ಸ್ಥಾನದಿಂದ ಕಳೆಯಿರಿ. ಘಾತ 2 ಆದರೆ ನಿಮ್ಮ ಸೈನ್ ಅಲೆಯೇ ವೇಷ ಬದಲಿಸಿ ಬರುತ್ತದೆ. 6 ಹಾಕಿ ನೋಡಿ. ವ್ಯಾಪ್ತಿ 12 ಮಿ.ಮೀ., ಒಂದು ಉಸಿರಿಗೆ 4 ಸೆಕೆಂಡ್ ಎಂದಿಟ್ಟುಕೊಂಡರೆ, ಅದರಲ್ಲಿ 2.8 ಸೆಕೆಂಡ್ ಕಾಲ ಗಡ್ಡೆ ಉಸಿರು ಬಿಟ್ಟ ಕಡೆಯ ಅರ್ಧದಲ್ಲೇ ಇರುತ್ತದೆ. ಆ ತುದಿಯಿಂದ ಅದರ ಸರಾಸರಿ ದೂರ ಸೈನ್ ಅಲೆಯ 6 ಮಿ.ಮೀ.ನಿಂದ 3.75ಕ್ಕೆ ಇಳಿಯುತ್ತದೆ. ಗರಿಷ್ಠ ವೇಗ ಮಾತ್ರ ಸೆಕೆಂಡಿಗೆ 9.4 ಮಿ.ಮೀ.ನಿಂದ 14.6ಕ್ಕೆ ಏರುತ್ತದೆ. ಇವೆಲ್ಲ ಕಾಗದದ ಮೇಲೆ ಹತ್ತು ನಿಮಿಷದ ಲೆಕ್ಕ, ನೀವೇ ಮಾಡಿ ನೋಡಿ. ಗಡ್ಡೆಯ ಬೆನ್ನು ಹತ್ತಿ ವಿಕಿರಣ ಹಾಯಿಸುವ ಯಂತ್ರ ಸೆಕೆಂಡಿನ ಹತ್ತನೇ ಒಂದು ಭಾಗ ತಡಮಾಡಿದರೂ, ಆ ವೇಗದಲ್ಲಿ ಕಿರಣ ಸುಮಾರು ಒಂದೂವರೆ ಮಿ.ಮೀ. ಹಿಂದುಳಿಯುತ್ತದೆ.

12 ಮಿ.ಮೀ. ನಾನು ಗಾಳಿಯಿಂದ ಹಿಡಿದ ಸಂಖ್ಯೆಯಲ್ಲ. ಜಪಾನಿನ ಸಪ್ಪೊರೊದಲ್ಲಿ 20 ರೋಗಿಗಳ ಗಡ್ಡೆಯಲ್ಲೋ ಅದರ ಪಕ್ಕದಲ್ಲೋ 2 ಮಿ.ಮೀ.ನ ಚಿನ್ನದ ಗುಂಡು ಇಟ್ಟು, ಸೆಕೆಂಡಿಗೆ 30 ಬಾರಿ ಎಕ್ಸ್‌ರೇಯಲ್ಲಿ ಅದರ ಜಾಡು ಹಿಡಿದರು. ಸೆಪ್ಪೆನ್‌ವೂಲ್ಡೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಶ್ವಾಸಕೋಶದ ಕೆಳಹಾಲೆಯಲ್ಲಿ (ಕೆಳಗಿನ ಭಾಗದಲ್ಲಿ) ಇದ್ದು ಗಟ್ಟಿ ಅಂಗಗಳಿಗೆ ಅಂಟಿಕೊಳ್ಳದ ಗಡ್ಡೆಗಳು ತಲೆ–ಕಾಲಿನ ದಿಕ್ಕಿನಲ್ಲಿ ಸರಾಸರಿ ಅಷ್ಟು ಚಲಿಸಿದ್ದವು. ಎದೆ–ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಗೆ ಹತ್ತಿರವಿದ್ದಷ್ಟೂ ಓಡಾಟ ಹೆಚ್ಚು. ನಿಮ್ಮ ಸೈನ್ ಅಲೆಗೆ ದೊಡ್ಡ ಪೆಟ್ಟು ಬೀಳುವುದೂ ಇದೇ ಅಧ್ಯಯನದಿಂದ: ಅರ್ಧದಷ್ಟು ರೋಗಿಗಳಲ್ಲಿ ಗಡ್ಡೆ ಹೋದ ದಾರಿಯಲ್ಲಿ ಹಿಂದಿರುಗಲಿಲ್ಲ, ಎರಡು ದಾರಿಗಳ ನಡುವೆ 1ರಿಂದ 5 ಮಿ.ಮೀ. ಅಂತರವಿತ್ತು. ಮೂರೂ ಅಕ್ಷಗಳಿಗೆ ಒಂದೇ ಅಲೆ ಹಾಕಿದರೆ ಗಡ್ಡೆ ಸರಳರೇಖೆಯಲ್ಲಿ ಹೋಗಿಬರುತ್ತದೆಯೇ ಹೊರತು, ಹೋಗುವ ದಾರಿ ಬೇರೆ ಬರುವ ದಾರಿ ಬೇರೆಯಾದ ಕುಣಿಕೆ ಹುಟ್ಟುವುದಿಲ್ಲ. ಅಕ್ಷಕ್ಕೊಂದು ಬೇರೆ ಹಂತಕೋನ ಕೊಟ್ಟು, ಅಂದರೆ ಅಲೆಗಳನ್ನು ಒಂದಕ್ಕಿಂತ ಒಂದು ತುಸು ಹಿಂದುಮುಂದಾಗಿಸಿ, ಕುಣಿಕೆ ಬಿಡಿಸಬಹುದು, ಆದರೆ ಅದು ತೇಪೆ ಹಚ್ಚುವ ಕೆಲಸ. ರೋಗಿ ಒಮ್ಮೆ ಕೆಮ್ಮಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ನನಗೆ ಮೆಚ್ಚುಗೆಯಾದದ್ದು 2005ರಲ್ಲಿ ಡೇನಿಯಲ್ ಲೋ ಮತ್ತು ಸಂಗಡಿಗರು ತೋರಿಸಿದ ದಾರಿ. ಅವರು ಸಮಯವನ್ನೇ ಸಮೀಕರಣದಿಂದ ಹೊರಗಿಟ್ಟರು. ಅಂಗಾಂಶದ ಸ್ಥಾನವೆಂದರೆ ಒಂದು ಆಧಾರ ಬಿಂದು, ಅದಕ್ಕೆ ಒಳಗಿರುವ ಗಾಳಿಯ ಗಾತ್ರಕ್ಕೆ ಅನುಪಾತದಲ್ಲಿರುವ ಒಂದು ಸದಿಶ, ಗಾಳಿ ಹರಿಯುವ ವೇಗಕ್ಕೆ ಅನುಪಾತದಲ್ಲಿರುವ ಇನ್ನೊಂದು ಸದಿಶ, ಅಷ್ಟೇ. ಉಸಿರು ಎಳೆಯುವಾಗ ಹರಿವು ಧನ, ಬಿಡುವಾಗ ಋಣ. ಹಾಗಾಗಿ ಗಾತ್ರ ಒಂದೇ ಇದ್ದರೂ ಸ್ಥಾನ ಎರಡಾಗುತ್ತದೆ, ಕುಣಿಕೆ ತಾನಾಗಿ ಮೂಡುತ್ತದೆ. ಬಿಂದುವೊಂದಕ್ಕೆ 9 ಅಜ್ಞಾತಗಳು, ಎಲ್ಲವೂ ರೇಖೀಯ, ದೋಷಗಳ ವರ್ಗಗಳ ಮೊತ್ತವನ್ನು ಕನಿಷ್ಠಗೊಳಿಸುವ ‘ಕನಿಷ್ಠ ವರ್ಗಗಳ ವಿಧಾನ’ ಸಾಕು. ರೋಗಿ ದೀರ್ಘವಾಗಿ ಉಸಿರೆಳೆದರೂ ತಟ್ಟನೆ ನಿಲ್ಲಿಸಿದರೂ ಸೂತ್ರ ಬದಲಿಸಬೇಕಿಲ್ಲ.

ಇನ್ನು ನಿಧಾನದ ಜಾರುವಿಕೆ. ಮೇಜಿನ ಮೇಲೆ ಮಲಗಿದವರ ಸ್ನಾಯುಗಳು ಸಡಿಲಾದಂತೆ ಆಧಾರ ಬಿಂದುವೇ ಸರಿಯಬಹುದು. ಅದನ್ನು ಸ್ಥಿರಾಂಕವೆಂದು ಬಗೆಯದೆ ಆಗಾಗ ಹೊಸದಾಗಿ ಅಂದಾಜಿಸಿ.

ಯೋಜನೆಗೆ ನನ್ನ ಸಲಹೆ: ಸೈನ್, ಲೂಜನ್, ಲೋ ಮೂರನ್ನೂ ಒಂದೇ ದತ್ತಾಂಶಕ್ಕೆ ಹೊಂದಿಸಿ, ಆದರೆ ಪರೀಕ್ಷೆಯನ್ನು ಹೊಂದಿಸಲು ಬಳಸದ ಭಾಗದ ಮೇಲೆ ನಡೆಸಿ. ಸರಾಸರಿ ದೋಷದ ಜೊತೆಗೆ ಅತಿ ಕೆಟ್ಟ ಶೇ. 5ರಷ್ಟು ಕ್ಷಣಗಳ ದೋಷವನ್ನೂ ಕೊಡಿ. ನನ್ನಂಥವರು ಮೊದಲು ಕಣ್ಣು ಹಾಯಿಸುವುದು ಆ ಅಂಕಣಕ್ಕೇ.