ಸ್ಟ್ರಟ್ ಬಾರ್‌ಗೆ ಉಕ್ಕೋ, ಅಲ್ಯೂಮಿನಿಯಮೋ?

ಪ್ರಶ್ನೆ: ನನ್ನ ಹಳೆಯ ಹ್ಯಾಚ್‌ಬ್ಯಾಕ್ ಕಾರು ದಿನವೂ ಸಂಡೂರಿನಿಂದ ಬಳ್ಳಾರಿಗೆ ಅದಿರಿನ ಲಾರಿಗಳ ಹಿಂದೆ ಓಡಾಡುತ್ತದೆ. ತಿರುವುಗಳಲ್ಲಿ ಮುಂಭಾಗ ಸಡಿಲವಾದಂತೆ ಅನ್ನಿಸುತ್ತದೆ, ಗುಂಡಿಗಳಲ್ಲಿ ಕಟಕಟ ಸದ್ದೂ ಬರುತ್ತದೆ. ಬಾನೆಟ್ ಒಳಗೆ ಎರಡೂ ಶಾಕ್ ಅಬ್ಸಾರ್ಬರ್‌ಗಳ ತಲೆಗಳನ್ನು ಜೋಡಿಸುವ ಸ್ಟ್ರಟ್ ಬಾರ್ ಹಾಕಿಸಬೇಕೆಂದಿದ್ದೇನೆ. ಅಂಗಡಿಯವರು ಅಲ್ಯೂಮಿನಿಯಂ ಬಾರ್ ತೋರಿಸುತ್ತಾರೆ; ವೆಲ್ಡಿಂಗ್ ಮೇಸ್ತ್ರಿ ಜಿ.ಐ. (ಸತು ಲೇಪಿಸಿದ ಉಕ್ಕಿನ) ಪೈಪಿನಲ್ಲಿ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಸಂಡೂರು

ಉತ್ತರ: ಮೊದಲು ಆ ಸದ್ದಿನ ಮೂಲವನ್ನು ಹುಡುಕಿಸಿ. ಮುಂಚಕ್ರಗಳ ಸಸ್ಪೆನ್ಷನ್‌ನ ಭಾಗಗಳಾದ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ಅಥವಾ ಸ್ಟ್ರಟ್ ಮೌಂಟ್ ಸವೆದಿದ್ದರೆ ಯಾವ ಬಾರ್ ಹಾಕಿದರೂ ಅದು ಹೋಗದು; ತಿರುವಿನ ಸಡಿಲಿಕೆಗೂ ಅದೇ ಕಾರಣವಾಗಿರಬಹುದು.

ಅವೆಲ್ಲ ಸರಿಯಿದ್ದರೆ ನನ್ನ ಸಲಹೆ ಉಕ್ಕು. ಸ್ಟ್ರಟ್ ಬಾರ್ ಮುರಿಯದಿದ್ದರೆ ಸಾಲದು, ಕೂದಲೆಳೆಯಷ್ಟೂ ಹಿಗ್ಗದೆ, ಕುಗ್ಗದೆ ಇರಬೇಕು. ಈ ಬಿಗಿತನದಲ್ಲಿ ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಭಾಗ ಮಾತ್ರ. ತೂಕವೂ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ. ಆದ್ದರಿಂದ ನೇರವಾದ ಬಾರಿನಲ್ಲಿ ಉಕ್ಕಿನಷ್ಟೇ ಬಿಗಿತನ ಬೇಕೆಂದರೆ ಮೂರು ಪಟ್ಟು ಅಲ್ಯೂಮಿನಿಯಂ ತುಂಬಬೇಕಾಗುತ್ತದೆ, ತೂಕದ ಉಳಿತಾಯವೆಲ್ಲ ಅಲ್ಲಿಗೇ ಕರಗಿಹೋಗುತ್ತದೆ. ಎಂಜಿನ್ ತಪ್ಪಿಸಲು ಬಾಗಿಸಿದ ಬಾರಿನ ಲೆಕ್ಕ ಬೇರೆ. ಅಲ್ಲಿ 2 ಮಿ.ಮೀ. ದಪ್ಪದ, 25 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆಗೆ ಅಷ್ಟೇ ದಪ್ಪದ, ಸುಮಾರು 35 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಕೊಳವೆ ಸರಿಸಮನಾಗುತ್ತದೆ. ಒಂದು ಮೀಟರಿಗೆ ಸುಮಾರು ಅರ್ಧ ಕಿಲೋ ಉಳಿಯುತ್ತದೆ. ಸಣ್ಣ ಕಾರಿನ ಬಾನೆಟ್ ಕೆಳಗೆ ಅಷ್ಟು ದಪ್ಪದ ಬಾರಿಗೆ ಜಾಗ ಸಿಗುವುದೇ ಕಷ್ಟ, ಊರಿಂದೂರಿಗೆ ಓಡುವ ಕಾರಿಗೆ ಆ ಅರ್ಧ ಕಿಲೋ ಲೆಕ್ಕಕ್ಕೂ ಬಾರದು. ಹೆಚ್ಚು ಬಲದ ವಿಶೇಷ ಉಕ್ಕೆಂದು ಹೆಚ್ಚು ಹಣವನ್ನೂ ಕೊಡಬೇಡಿ: ಅದು ಬೇಗ ಮುರಿಯದು, ನಿಜ, ಆದರೆ ಅದರ ಬಿಗಿತನ ಸಾಮಾನ್ಯ ಉಕ್ಕಿನಷ್ಟೇ.

ಲೋಹಕ್ಕಿಂತಲೂ ಮುಖ್ಯವಾದದ್ದು ತುದಿಯ ಜೋಡಣೆ. ಕೊಳವೆ ಮತ್ತು ಶಾಕ್ ಅಬ್ಸಾರ್ಬರ್ ತಲೆಯ ಮೇಲೆ ಕೂರುವ ಪ್ಲೇಟ್ ನಡುವೆ ಒಂದೇ ಬೋಲ್ಟಿನ ಮೇಲೆ ತಿರುಗುವ ಕೀಲು ಇದ್ದರೆ, ಆ ರಂಧ್ರ ಸ್ವಲ್ಪ ಸವೆದರೂ ಬಾರ್ ಇದ್ದೂ ಇಲ್ಲದಂತೆ. ಪ್ಲೇಟಿಗೇ ವೆಲ್ಡ್ ಮಾಡಿದ, ಆದಷ್ಟು ನೇರವಾದ ಬಾರ್ ಆರಿಸಿಕೊಳ್ಳಿ.

ಮೇಸ್ತ್ರಿಯ ಜಿ.ಐ. ಪೈಪ್ ಬೇಡ. ಅದರ ಸತುವಿನ ಲೇಪನ ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರಬಹುದು, ಬೆಸುಗೆಯಲ್ಲಿಯೂ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಲೇಪನವಿಲ್ಲದ ಉಕ್ಕಿನ ಕೊಳವೆಯಲ್ಲಿ ಮಾಡಿಸಿ, ವೆಲ್ಡಿಂಗ್ ಮುಗಿದ ಮೇಲೆ ಪ್ರೈಮರ್ ಮತ್ತು ಬಣ್ಣ ಬಳಿಸಿ. ನಿಮ್ಮ ಕಡೆಯ ಕೆಂಪು ಧೂಳು ಪ್ಲೇಟಿನ ಅಡಿಗೆ ಸೇರಿ, ಮಳೆಯ ನೀರಿನಲ್ಲಿ ನೆನೆದು, ಅದುರುವಾಗ ಉಪ್ಪುಕಾಗದದಂತೆ ಬಣ್ಣವನ್ನು ಉಜ್ಜುತ್ತದೆ. ಹಾಗಾಗಿ ಪ್ಲೇಟ್ ಕೂರುವ ಜಾಗವನ್ನು ಮೊದಲು ಚೆನ್ನಾಗಿ ಒರೆಸಬೇಕು, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ನೋಡಬೇಕು. ಸದ್ದು ಬರದಿರಲೆಂದು ನಡುವೆ ರಬ್ಬರ್ ಇಡಿಸಬೇಡಿ. ಬಿಗಿತನ ಅಲ್ಲಿಯೇ ಸೋರಿಹೋಗುತ್ತದೆ.

ಜೋಡಿಸುವಾಗ ಕಾರು ಜಾಕಿನ ಮೇಲಿರದೆ, ಸಮತಟ್ಟಾದ ನೆಲದ ಮೇಲೆ ನಾಲ್ಕೂ ಚಕ್ರಗಳನ್ನೂರಿ ನಿಂತಿರಬೇಕು. ಪ್ಲೇಟಿನ ದಪ್ಪದಿಂದಾಗಿ ಬೋಲ್ಟಿನ ಎಳೆಗಳು ನಟ್ಟಿಗೆ ಪೂರ್ತಿ ಸಿಗದೇ ಹೋಗಬಹುದು. ಬಿಗಿದ ಮೇಲೆ ಒಂದೆರಡು ಎಳೆ ನಟ್ಟಿನಾಚೆ ಕಾಣಿಸುತ್ತಿರಬೇಕು. ಇನ್ನು, ಗೇರ್ ಹಾಕಿ ಹೊರಟಾಗ ಎಂಜಿನ್ ತನ್ನ ಮೌಂಟ್ ಮೇಲೆ ವಾಲುತ್ತದೆ. ಆಗಲೂ ಬಾರಿಗೆ ತಾಗದಷ್ಟು ಅಂತರವಿದೆಯೇ ಎಂದು ಮೇಸ್ತ್ರಿಯ ಎದುರಿನಲ್ಲಿಯೇ ನೋಡಿಕೊಳ್ಳಿ.