ಹಿರಿಯ ಸಂಶೋಧಕರಿಗೆ ಪ್ರಶಸ್ತಿ ಯಾಕೆ?

ನಿಮ್ಮ ಪತ್ರದ ಸಾರ ಇಷ್ಟು: ವಿಶ್ವವಿದ್ಯಾಲಯಗಳು ಪ್ರತಿವರ್ಷ ಹಿರಿಯ ವೈದ್ಯಕೀಯ ಸಂಶೋಧಕರಿಗೆ ಪ್ರಶಸ್ತಿ ಕೊಡುತ್ತವೆ. ಅವರಿಗೆ ಹುದ್ದೆ, ಸಂಬಳ, ಹೆಸರು ಎಲ್ಲ ಆಗಲೇ ಇರುತ್ತದೆ. ಆ ದುಡ್ಡು ಎಳೆಯರಿಗೆ ಹೋಗಬಾರದೇ?

ದುಡ್ಡಿನ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಆದರೆ ಪ್ರಶಸ್ತಿಯೇ ಬೇಡ ಅನ್ನುವುದನ್ನು ಒಪ್ಪಲಾರೆ. ವೈದ್ಯಕೀಯದ ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಯಾರಾದರೂ ಅವುಗಳ ಜೊತೆಯಲ್ಲೇ ಮುದುಕರಾಗಬೇಕು.

ಬ್ರಿಟನ್ನಿನ ವೈದ್ಯ, ಸಂಶೋಧಕ ರಿಚರ್ಡ್ ಡಾಲ್ ಅವರನ್ನೇ ನೋಡಿ. 1951ರಲ್ಲಿ ಅವರೂ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರೂ ಬ್ರಿಟನ್ನಿನ ವೈದ್ಯರಿಗೆ ಧೂಮಪಾನದ ಬಗ್ಗೆ ಅಂಚೆಯಲ್ಲಿ ಒಂದು ಚಿಕ್ಕ ಪ್ರಶ್ನಾಪತ್ರಿಕೆ ಕಳಿಸಿದರು. ಈಗ ಸೇದುತ್ತೀರಾ, ಸೇದಿ ಬಿಟ್ಟಿದ್ದೀರಾ, ಅಭ್ಯಾಸವೇ ಇರಲಿಲ್ಲವಾ? ಗಂಡಸರಲ್ಲಿ 34,000ಕ್ಕೂ ಜಾಸ್ತಿ ಮಂದಿ ಉತ್ತರ ಬರೆದರು. ಆಮೇಲಿನದೆಲ್ಲ ತಾಳ್ಮೆಯ ಕೆಲಸ. ಕೆಲವು ವರ್ಷಕ್ಕೊಮ್ಮೆ ಮತ್ತೆ ಕೇಳುವುದು, ಯಾರು ತೀರಿಕೊಂಡರು, ಯಾವ ಕಾಯಿಲೆಯಿಂದ ಎಂದು ಬರೆದಿಡುವುದು. ಶ್ವಾಸಕೋಶದ ಕ್ಯಾನ್ಸರಿನ ನಂಟು 1954ರ ಹೊತ್ತಿಗೇ ಕಂಡಿತು. ಆದರೆ ಬಿಟ್ಟವರಿಗೆ ಎಷ್ಟು ಆಯಸ್ಸು ಉಳಿಯುತ್ತದೆ ಎಂಬ ಪೂರ್ತಿ ಲೆಕ್ಕ ಬಂದದ್ದು 2004ರಲ್ಲಿ. 30ನೇ ವಯಸ್ಸಿಗೆ ಬಿಟ್ಟರೆ ಸುಮಾರು 10 ವರ್ಷ, 60ಕ್ಕೆ ಬಿಟ್ಟರೂ ಸುಮಾರು 3 ವರ್ಷ. ಆ ವರದಿಗೆ ಹೆಸರು ಹಾಕುವಾಗ ಡಾಲ್ ಅವರಿಗೆ 91!

ಅಮೆರಿಕದ ವಿಜ್ಞಾನಿ ಪೇಟನ್ ರೌಸ್ ಕೋಳಿಗಳ ಕ್ಯಾನ್ಸರಿಗೂ ವೈರಸ್ಸಿಗೂ ಇರುವ ನಂಟು ತೋರಿಸಿದ್ದು 1911ರಲ್ಲಿ. ನೊಬೆಲ್ ಬಂದದ್ದು 1966ರಲ್ಲಿ, 87ನೇ ವಯಸ್ಸಿಗೆ.

ಇಂಥ ದುಡಿಮೆ ವರ್ಷಕ್ಕೆ ಎಷ್ಟು ಪ್ರಬಂಧ ಎಂಬ ಲೆಕ್ಕದಲ್ಲಿ ಸಿಗುವುದಿಲ್ಲ. ಅದನ್ನು ಗುರುತಿಸಲು ಹಿರಿಯರ ಪ್ರಶಸ್ತಿ ಬೇಕು. ಆಯ್ಕೆ ಸಮಿತಿಯೂ ಪ್ರಬಂಧ, ಅನುದಾನ ಎಣಿಸುತ್ತಲೇ ಕೂತರೆ ಮಾತ್ರ ನಿಮ್ಮ ಸಿಟ್ಟು ನ್ಯಾಯವೇ. ವಿಭಾಗದ ಮುಖ್ಯಸ್ಥರ ಹೆಸರು ಸುಮ್ನೆ ಎಲ್ಲ ಪ್ರಬಂಧಕ್ಕೂ ಸೇರಿಬಿಡುವುದು ಹೊಸದೇನಲ್ಲ, ಅಲ್ವಾ? ಕೇಳಬೇಕಾದ್ದು ಬೇರೆ. ಅವರ ಕೈಕೆಳಗೆ ಕಲಿತವರು ಸ್ವಂತ ಕಾಲಿನ ಮೇಲೆ ನಿಂತಿದ್ದಾರಾ? ಹಳೆಯ ದಾಖಲೆಗಳನ್ನು ಬೇರೆಯವರು ತೆರೆದು ಪರೀಕ್ಷಿಸಬಹುದಾ? ಔಷಧಿ ಕೆಲಸ ಮಾಡಲಿಲ್ಲ ಎಂದು ಗೊತ್ತಾದಾಗ ಅದನ್ನೂ ಪ್ರಕಟಿಸಿದರಾ? ನನಗೆ ಈ ಕೊನೆಯದೇ ದೊಡ್ಡದು. ಅದು ಪ್ರಕಟವಾಗದಿದ್ದರೆ ಅದೇ ಔಷಧಿಯನ್ನು ಇನ್ನಷ್ಟು ರೋಗಿಗಳ ಮೇಲೆ ಪ್ರಯೋಗಿಸುತ್ತಾರೆ.

ಇನ್ನು ಆ ದುಡ್ಡು. ಗೌರವ ಹಿರಿಯರಿಗೆ ಸಲ್ಲಲಿ. ಮೊತ್ತ ಅವರ ಹೆಸರಿನಲ್ಲೇ, ಅವರ ಅಧ್ಯಯನ ಮುಂದುವರಿಸುವ ವಿದ್ಯಾರ್ಥಿಗೆ ಹೋಗಲಿ. ಹೆಸರು ಸೂಚಿಸುವ ಹಕ್ಕು ಕಿರಿಯ ಸಂಶೋಧಕರಿಗೂ, ರೋಗಿಗಳ ಹತ್ತಿರ ಕೂತು ಮಾಹಿತಿ ಬರೆದುಕೊಳ್ಳುವ ನರ್ಸುಗಳಿಗೂ ಇರಲಿ. ಯಾರು ನಿಜವಾಗಿ ದುಡಿದರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.